ನೀಟ್: ಉಳಿದಿರುವುದು ಕೆಲವೇ ವಾರ, ಧೂಳು ಕೊಡವಬೇಕಾದುದು ಹನ್ನೊಂದನೆಯ ಪುಸ್ತಕ

ಪುಣೆ: 2016ರ ಎಪ್ರಿಲ್ 28. ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ವಿಜ್ಞಾನ ವಿದ್ಯಾರ್ಥಿಗಳು ಮೇ 5ರ ರಾಜ್ಯ ಸಿಇಟಿಗೆ ಕೊನೆಯ ಸುತ್ತಿನ ಓದಿನಲ್ಲಿದ್ದರು. ಅಂದು ಸುಪ್ರೀಂ ಕೋರ್ಟು ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ಅದು ನೀಟ್, ಅದೂ ಈ ವರ್ಷದಿಂದಲೇ ಎಂದು ಆದೇಶಿಸಿತು. ಮೊದಲ ಹಂತ ಮೂರೇ ದಿನಕ್ಕೆ, ಮೇ 1ರಂದು. ಎರಡನೆಯದು ಜುಲೈ 24ರಂದು. ಸಿಇಟಿ ಮುಗಿಸಿ ಊರಿನ ನೇಮ, ಜಾತ್ರೆ, ಮದುವೆಗಳಿಗೆ ಹೊರಡುವುದು ಇಲ್ಲಿನ ತುಳು-ಕನ್ನಡಿಗರ ಮನೆಗಳಲ್ಲಿ ವಾಡಿಕೆ. ಆ ವರ್ಷ ಮಕ್ಕಳಿರುವ ಮನೆಗಳಲ್ಲಿ ಬ್ಯಾಗಿಗಿಂತ ಮೊದಲು ಪುಸ್ತಕ ಬಿಚ್ಚಬೇಕಾಯಿತು.

ಗಾಬರಿಗೆ ಕಾರಣವಿತ್ತು. ಮಹಾರಾಷ್ಟ್ರದ ಸಿಇಟಿಗೆ ಆಗ ರಾಜ್ಯ ಮಂಡಳಿಯ ಹನ್ನೆರಡನೆಯ ತರಗತಿಯ ಪಾಠ ಸಾಕಿತ್ತು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇರಲಿಲ್ಲ. ನೀಟ್‌ಗೆ ಹನ್ನೊಂದು, ಹನ್ನೆರಡು ಎರಡೂ ಬೇಕು, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಮೇ 24ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ರಾಜ್ಯ ಕೋಟಾದ ಸೀಟುಗಳಿಗೆ ಆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಕೊಟ್ಟಿತು. ಹೀಗಾಗಿ ಸಾಸೂನ್ ಆಸ್ಪತ್ರೆಗೆ ಹೊಂದಿಕೊಂಡಿರುವ ಬಿ.ಜೆ. ವೈದ್ಯಕೀಯ ಕಾಲೇಜಿನ ಆಸೆಯಿದ್ದವರು ನಿಟ್ಟುಸಿರುಬಿಟ್ಟರು. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟಿಗೆ ಮಾತ್ರ ನೀಟೇ ಗತಿ. ಸಿಇಟಿಯ ದಿನದಿಂದ ಲೆಕ್ಕ ಹಾಕಿದರೆ ಅವರ ಕೈಯಲ್ಲಿದ್ದುದು 80 ದಿನ.

ಇಂದಿನ ಮಕ್ಕಳಿಗೆ ಅಷ್ಟೂ ಸಿಗುವುದಿಲ್ಲ. ಮಂಡಳಿಯ ಪರೀಕ್ಷೆ ಮಾರ್ಚ್ ಮಧ್ಯದವರೆಗೆ ನಡೆಯುತ್ತದೆ. 2023, 2024, 2025 ಮೂರೂ ವರ್ಷ ನೀಟ್ ನಡೆದುದು ಮೇ ತಿಂಗಳ ಮೊದಲ ಭಾನುವಾರ. ನಡುವೆ ಉಳಿಯುವುದು ಸುಮಾರು ಏಳು ವಾರ. ನೀಟ್ ಎರಡು ವರ್ಷದ ಓದು ಎಂಬುದು ಸರಿಯೇ. ಆದರೆ ಕೋಚಿಂಗ್ ಕ್ಲಾಸಿನ ಲಕ್ಷಗಟ್ಟಲೆ ಶುಲ್ಕ ಭರಿಸಲಾಗದ ಮನೆಗಳಲ್ಲಿ, ಹೋಟೆಲಿನ ಗಲ್ಲಾದಲ್ಲಿ ಕುಳಿತ ತಂದೆಗೆ ಮಗಳ ಪಠ್ಯಕ್ರಮದ ಗುರುತೇ ಇರದ ಕಡೆ, ನಿಜವಾದ ಓದು ಆರಂಭವಾಗುವುದೇ ಈ ಏಳು ವಾರದಲ್ಲಿ.

ಅಷ್ಟರಲ್ಲಿ ಏನು ಸಾಧ್ಯ? 2025ರ ಪ್ರಶ್ನೆಪತ್ರಿಕೆಯಲ್ಲಿ 180 ಪ್ರಶ್ನೆ, 720 ಅಂಕ, 180 ನಿಮಿಷ. ಕೊರೊನಾ ಕಾಲದಲ್ಲಿ ಸೇರಿಸಿದ್ದ ಐಚ್ಛಿಕ ಪ್ರಶ್ನೆಗಳನ್ನು ಆ ವರ್ಷ ತೆಗೆಯಲಾಯಿತು. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90 ಪ್ರಶ್ನೆ. ಅಂದರೆ 360 ಅಂಕ, ಸರಿಯಾಗಿ ಅರ್ಧ, ಒಂದೇ ವಿಷಯದ್ದು. ಭೌತಶಾಸ್ತ್ರದ ಲೆಕ್ಕ ಏಳು ವಾರದಲ್ಲಿ ಕೈಗೆ ಹತ್ತುವುದು ಕಷ್ಟ. ಜೀವಶಾಸ್ತ್ರ ಹಾಗಲ್ಲ, ಓದಿದಷ್ಟು ಕೈಗೆ ಬರುತ್ತದೆ.

ಮಕ್ಕಳು ಎಡವುವುದು ಎಲ್ಲಿ ಓದಬೇಕು ಎಂಬುದರಲ್ಲಿ. ಮಂಡಳಿಯ ಪರೀಕ್ಷೆ ಹನ್ನೆರಡನೆಯದ್ದು, ಹಾಗಾಗಿ ವರ್ಷವಿಡೀ ಅದೇ ಪುಸ್ತಕ ಕೈಯಲ್ಲಿ. ಹನ್ನೊಂದನೆಯದ್ದು ಅಟ್ಟಕ್ಕೆ. ಎನ್‌ಸಿಇಆರ್‌ಟಿಯ ಪರಿಷ್ಕೃತ ಪುಸ್ತಕಗಳಲ್ಲಿ ಹನ್ನೆರಡನೆಯ ಜೀವಶಾಸ್ತ್ರಕ್ಕೆ 13 ಅಧ್ಯಾಯಗಳಾದರೆ ಹನ್ನೊಂದನೆಯದಕ್ಕೆ 19. ಕೋಶ ವಿಭಜನೆ, ದ್ಯುತಿಸಂಶ್ಲೇಷಣೆ, ರಕ್ತ ಪರಿಚಲನೆ, ನರಮಂಡಲ, ಹಾರ್ಮೋನು ಎಲ್ಲವೂ ಅಲ್ಲಿಯೇ. 2016ರಲ್ಲಿ ಸಿಇಟಿ ಬರೆದವರು ಜುಲೈಗಾಗಿ ಮತ್ತೆ ತೆರೆಯಬೇಕಾದುದೂ ಇದೇ ಪುಸ್ತಕವನ್ನು. ಇಂದಿಗೂ ಸಮಯ ಕಡಿಮೆಯಿರುವ ವಿದ್ಯಾರ್ಥಿ ಮೊದಲ ಮೂರು ವಾರ ಇದಕ್ಕೇ ಕೊಡುವುದು ಲೇಸು. ಹನ್ನೆರಡನೆಯದು ಮಂಡಳಿಯ ಪರೀಕ್ಷೆಗೆ ಓದಿದ್ದು, ಹೇಗೂ ನೆನಪಿನಲ್ಲಿ ಹಸಿಯಾಗಿರುತ್ತದೆ.

ಹಳೆಯ ಪುಸ್ತಕದ ತೊಡಕು

ಅಪ್ಪಾ ಬಳವಂತ ಚೌಕದ ಸೆಕೆಂಡ್ ಹ್ಯಾಂಡ್ ಪುಸ್ತಕ ಪುಣೆಯ ಎಷ್ಟೋ ಮಕ್ಕಳನ್ನು ಓದಿಸಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ. 2024ರ ಪರೀಕ್ಷೆಯಿಂದ ನೀಟ್ ಪಠ್ಯಕ್ರಮ ಬದಲಾಗಿದೆ. ಅಣ್ಣನೋ ಅಕ್ಕನೋ ಓದಿದ ಹಳೆಯ ಪುಸ್ತಕದಲ್ಲಿರುವ ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಮುಂತಾದ ಅಧ್ಯಾಯಗಳು ಕೈಬಿಟ್ಟು ಹೋಗಿವೆ. ಅವುಗಳ ಮೇಲೆ ವಾರ ಕಳೆದ ಮಗುವಿಗೆ ಆ ವಾರ ತಿರುಗಿ ಸಿಗದು. ಇನ್ನೊಂದೆಡೆ ದಾಸವಾಳ, ಸಾಸಿವೆ, ದ್ವಿದಳ, ಸೂರ್ಯಕಾಂತಿ, ಹುಲ್ಲು ಈ ಸಸ್ಯ ಕುಟುಂಬಗಳು ಪಠ್ಯಕ್ರಮದ ಪಟ್ಟಿಯಲ್ಲಿವೆ, ಪುಸ್ತಕದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಆಮೇಲೆ ಓದಿಗೆ ಕೂರುವುದು ಒಳ್ಳೆಯದು.

ಓದುವ ಕ್ರಮದ ಬಗ್ಗೆಯೂ ಒಂದು ಮಾತು. ಐದು ಗೈಡ್ ಕೊಂಡು ಐದನ್ನೂ ಅರ್ಧರ್ಧ ಓದುವುದಕ್ಕಿಂತ ಒಂದೇ ಪಠ್ಯಪುಸ್ತಕವನ್ನು ಚಿತ್ರದ ಕೆಳಗಿನ ಸಾಲೂ ಬಿಡದಂತೆ ಮೂರು ಬಾರಿ ಓದುವುದು ಮೇಲು. ಓದಿದ ನಂತರ ಪುಸ್ತಕ ಮುಚ್ಚಿ ಹೃದಯದ ಚಿತ್ರ ಬಿಡಿಸಬೇಕು. ಮೂರು ಎಸಳಿನ ಕವಾಟ ಬಲಕ್ಕೋ ಎಡಕ್ಕೋ ಎಂದು ಕೈ ತಡವರಿಸಿದರೆ, ಓದು ಕಣ್ಣಿಗಷ್ಟೇ ಆಗಿದೆ ಎಂದರ್ಥ. (ಅದು ಬಲಕ್ಕೆ.) ಮೊಸಳೆ ಸರೀಸೃಪವಾದರೂ ಅದರ ಹೃದಯಕ್ಕೆ ನಾಲ್ಕು ಕೋಣೆ. ಮಿಯಾಸಿಸ್‌ನಲ್ಲಿ ವರ್ಣತಂತುಗಳು ತುಂಡು ಬದಲಾಯಿಸಿಕೊಳ್ಳುವುದು ಪ್ಯಾಕಿಟೀನ್ ಹಂತದಲ್ಲಿ. ಪ್ರಶ್ನೆ ತಯಾರಿಸುವವರಿಗೆ ಇಂಥವೇ ಬೇಕು. ನೆನಪಿಗೆ ಮನೆಯ ಅಡುಗೆಯೂ ಸಹಾಯಕ್ಕೆ ಬರುತ್ತದೆ. ಉತ್ತರ ಕರ್ನಾಟಕದವರ ರೊಟ್ಟಿಯ ಜೋಳ ಸಿ4 ಸಸ್ಯ, ಕಡು ಬಿಸಿಲಿಗೂ ಬಗ್ಗದು. ಕರಾವಳಿಯವರ ಗಂಜಿಯ ಭತ್ತ ಸಿ3. ಒಮ್ಮೆ ಹೀಗೆ ಹಿಡಿದರೆ ಮರೆಯುವ ಪ್ರಶ್ನೆಯೇ ಇಲ್ಲ.

ಗೊತ್ತಿಲ್ಲದ ಪ್ರಶ್ನೆಗೆ ಗುರುತು ಹಾಕಬೇಕೇ ಬೇಡವೇ ಎಂಬ ಚರ್ಚೆ ಪ್ರತಿವರ್ಷವೂ ಕೇಳಿಬರುತ್ತದೆ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿ ಒಂದು ಸರಿಯಾದರೆ ಉಳಿಯುವುದು ಒಂದೇ ಅಂಕ. ಅದೂ ಅದೃಷ್ಟವಿದ್ದರೆ. ಎರಡು ಆಯ್ಕೆಗಳನ್ನು ಖಂಡಿತ ತಪ್ಪು ಎಂದು ತೆಗೆದುಹಾಕಬಲ್ಲ ವಿದ್ಯಾರ್ಥಿ ಮಾತ್ರ ಧೈರ್ಯ ಮಾಡಬಹುದು.

ಪೇಶಿಯೋ ಜೀವಕೋಶವೋ

ಪುಣೆಯ ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡದ ಜೀವಕೋಶ ಮರಾಠಿಯಲ್ಲಿ ಪೇಶಿ. ಹಿಂದಿಯಲ್ಲಿ ಪೇಶಿ ಎಂದರೆ ಸ್ನಾಯು! ನಮ್ಮ ಅಂಗಾಂಶ ಅವರಿಗೆ ಊತಿ, ವರ್ಣತಂತು ಅವರಿಗೆ ಗುಣಸೂತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿ ಪ್ರಶ್ನೆ ಕೇಳಲು ಕುಳಿತರೆ ಅರ್ಧ ಸಮಯ ಪದಗಳ ತಿದ್ದುಪಡಿಗೇ ಹೋಗುತ್ತದೆ. 2017ರಿಂದ ನೀಟ್ ಅನ್ನು ಕನ್ನಡದಲ್ಲಿಯೂ ಬರೆಯುವ ಅವಕಾಶ ಬಂತು, ನಿಜ. ಆದರೆ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಪುಣೆಯ ಕೇಂದ್ರದಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ, ಉರ್ದು ಅಷ್ಟೇ. ಭಾಷೆ ಆಯ್ಕೆ ಮಾಡಬೇಕಾದುದು ಅರ್ಜಿ ತುಂಬುವಾಗಲೇ. ಕಾಲೇಜಿನ ಓದು ಇಂಗ್ಲಿಷಿನಲ್ಲೇ ಆಗಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಸಂಘ-ಸಂಸ್ಥೆಗಳು ಜೂನ್ ತಿಂಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಶಾಲು, ಫಲಪುಷ್ಪ ಗೆದ್ದವರಿಗೆ. ಎಪ್ರಿಲ್‌ನಲ್ಲಿ ಒಂದೇ ಕೋಣೆಯ ಮನೆಯಲ್ಲಿ, ಟಿವಿ ಮತ್ತು ಅತಿಥಿಗಳ ನಡುವೆ ಓದುತ್ತಿರುವ ಮಗುವಿಗೆ ಬೇಕಾದುದು ಫ್ಯಾನು, ಬೆಳಕು, ಒಂದು ಮೇಜು. ವಾರದ ದಿನಗಳಲ್ಲಿ ಬೀಗ ಹಾಕಿರುವ ಸಂಘದ ಸಭಾಭವನಗಳಲ್ಲಿ ಇವೆಲ್ಲವೂ ಇವೆ. ನಮ್ಮವರಲ್ಲಿ ವೈದ್ಯರಿಗೂ ಕೊರತೆಯಿಲ್ಲ. ವಾರಕ್ಕೊಂದು ಸಂಜೆ ಯಾರಾದರೊಬ್ಬರು ಬಂದು ಮೂತ್ರಪಿಂಡದ ಕೆಲಸ ಹೇಳಿಕೊಟ್ಟರೆ ಅದಕ್ಕೆ ಖರ್ಚು ಒಂದು ಕಪ್ ಚಹಾ.

ಕಾಗದಪತ್ರಗಳನ್ನು ಪೋಷಕರು ಈಗಲೇ ನೋಡಿಕೊಳ್ಳುವುದು ಒಳಿತು. ಮಹಾರಾಷ್ಟ್ರದ ರಾಜ್ಯ ಕೋಟಾಕ್ಕೆ ಡೊಮಿಸೈಲ್ ಪ್ರಮಾಣಪತ್ರ ಬೇಕು. ಕರ್ನಾಟಕದತ್ತ ಕಣ್ಣಿಟ್ಟವರಿಗೆ, ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅದರ ಷರತ್ತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿಯೇ ಓದಬೇಕು, ಕೇಳಿದ ಮಾತನ್ನು ನಂಬಬಾರದು. ಮಗುವಿಗೆ ಕನ್ನಡ ಅಕ್ಷರ ಬಾರದಿದ್ದರೆ ಅದಕ್ಕೂ ಇದೇ ಏಳು ವಾರ.

ಕೊನೆಯ ಎರಡು ವಾರ ಮಾದರಿ ಪರೀಕ್ಷೆಗೆ ಮೀಸಲು. 2025ರಲ್ಲಿ ಪರೀಕ್ಷೆ ನಡೆದುದು ಮಧ್ಯಾಹ್ನ 2ರಿಂದ 5ರವರೆಗೆ, ಕೇಂದ್ರದ ಗೇಟು ಮುಚ್ಚಿದ್ದು 1.30ಕ್ಕೆ. ಪುಣೆಯ ಮೇ ತಿಂಗಳ ಆ ಹೊತ್ತು ಊಟ ಮುಗಿಸಿ ಎಲ್ಲರೂ ಅಡ್ಡಾಗುವ ಹೊತ್ತು. ರಾತ್ರಿ ಒಂದರವರೆಗೆ ಓದುವ ಮಗುವಿಗೆ ಅದೇ ಗಳಿಗೆಯಲ್ಲಿ ಕಣ್ಣು ಎಳೆಯುತ್ತದೆ. ಆದುದರಿಂದ ದಿನ ಬಿಟ್ಟು ದಿನ ಅದೇ ಮೂರು ಗಂಟೆ, ಕೈಯಲ್ಲಿ ಬಾಲ್‌ಪಾಯಿಂಟ್ ಪೆನ್ನು, ಎದುರಿಗೆ ಗಡಿಯಾರ, ಮೊಬೈಲ್ ತಾಯಿಯ ಬಳಿ. ಜೀವಶಾಸ್ತ್ರದ 90 ಪ್ರಶ್ನೆ 50 ನಿಮಿಷದಲ್ಲಿ ಮುಗಿದರೆ ಉಳಿದ 130 ನಿಮಿಷ ಭೌತ-ರಸಾಯನದ ಲೆಕ್ಕಗಳಿಗೆ ಸಿಗುತ್ತದೆ.