ಮೆಣಸಿನ ಗಿಡದ ಎಲೆ ಮುದುಡಿದಾಗ

ಹಿತ್ತಿಲಿನಲ್ಲಾಗಲಿ ಮಹಡಿಯ ಮೇಲಣ ಕುಂಡಗಳಲ್ಲಾಗಲಿ ನಾಲ್ಕು ಮೆಣಸಿನ ಗಿಡಗಳನ್ನು ಬೆಳೆಸಿಕೊಂಡಿರುವ ಗೃಹಸ್ಥರಿಗೆ ಒಂದು ಅನುಭವ ಸಾಮಾನ್ಯವಾದುದು. ಸೊಗಸಾಗಿ ಬೆಳೆದು ಹೂವಿಗೆ ಬಂದ ಗಿಡವು ಇದ್ದಕ್ಕಿದ್ದಂತೆ ಕುಡಿಯಲ್ಲಿ ಮುದುಡತೊಡಗುತ್ತದೆ, ಎಲೆ ಸುಕ್ಕಾಗುತ್ತದೆ, ಮೊಗ್ಗು ಉದುರುತ್ತದೆ. ಮನೆಯವರು ನೀರು ಸಾಲದೆಂದು ನೀರೆರೆಯುತ್ತಾರೆ, ಸತ್ವ ಸಾಲದೆಂದು ಗೊಬ್ಬರ ಹಾಕುತ್ತಾರೆ, ಕಡೆಗೆ ಅಂಗಡಿಯಿಂದ ಯಾವುದಾದರೊಂದು ವಿಷವನ್ನು ತಂದು ಸಿಂಪಡಿಸುತ್ತಾರೆ. ಗಿಡ ಮಾತ್ರ ಚೇತರಿಸಿಕೊಳ್ಳುವುದಿಲ್ಲ.

ನಮ್ಮ ರೈತರು ಇದನ್ನು ಮುಟುರು ರೋಗವೆಂದು ಕರೆಯುವರು. ಬ್ಯಾಡಗಿಯ ಸುತ್ತಣ ಹೊಲಗಳಲ್ಲಿ ಇದರ ಹಾವಳಿಯನ್ನು ಅರಿಯದವರಿಲ್ಲ. ಹೆಸರೇನೋ ಅರ್ಥವತ್ತಾದುದು, ಆದರೆ ಜ್ವರವೆಂಬ ಮಾತಿನಂತೆ ಅದು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಈ ಒಂದೇ ಹೆಸರಿನ ಹಿಂದೆ ಮುಖ್ಯವಾಗಿ ಮೂರು ಕಾರಣಗಳು ಅಡಗಿವೆ: ಥ್ರಿಪ್ಸ್ ಎಂಬ ಕೀಟ, ಹಳದಿ ನುಸಿ, ಬಿಳಿನೊಣವು ಹೊತ್ತು ತರುವ ವೈರಸ್ಸು. ಒಂದಕ್ಕೆ ತಕ್ಕ ಮದ್ದು ಮತ್ತೊಂದಕ್ಕೆ ತಾಗದು. ಆದಕಾರಣ ಮದ್ದಿಗಿಂತ ಮೊದಲು ನಿದಾನವಾಗಬೇಕು.

ಅದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಎಲೆ ಯಾವ ಕಡೆಗೆ ಮುದುಡಿದೆಯೆಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಅಂಚುಗಳು ಮೇಲಕ್ಕೆ ಮಡಿಚಿ ಎಲೆಯು ದೋಣಿಯಂತಾಗಿದ್ದರೆ ಥ್ರಿಪ್ಸನ್ನು ಶಂಕಿಸಬೇಕು. ಕುಡಿಯ ಕೆಳಗೆ ಬಿಳಿಯ ಕಾಗದವೊಂದನ್ನು ಹಿಡಿದು ಮೆಲ್ಲನೆ ತಟ್ಟಿದರೆ, ಸುಮಾರು ಒಂದು ಮಿಲಿಮೀಟರು ಉದ್ದದ, ಕತ್ತರಿಸಿದ ನೂಲಿನೆಳೆಯಂತಹ ಹಳದಿ ಜೀವಿಗಳು ಕಾಗದದ ಮೇಲೆ ಹರಿದಾಡುವುದು ಕಾಣುತ್ತದೆ. ಹೂವನ್ನೂ ಹೀಗೆಯೇ ತಟ್ಟಿ ನೋಡುವುದು ಒಳ್ಳೆಯದು. 2015ರಲ್ಲಿ ಬೆಂಗಳೂರಿನ ಪರಂಗಿ ಗಿಡಗಳ ಮೇಲೆ ಪತ್ತೆಯಾದ ಹೊರನಾಡಿನ ಥ್ರಿಪ್ಸ್ ಜಾತಿಯೊಂದು 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಬೆಳೆಗೆ ಬಹಳ ಹಾನಿ ಮಾಡಿತು. ಕಪ್ಪು ಮೈಬಣ್ಣದ ಅದು ಹೂವಿನಲ್ಲಿಯೇ ಹೆಚ್ಚಾಗಿ ಕುಳಿತಿರುತ್ತದೆ.

ಅಂಚುಗಳು ಕೆಳಕ್ಕೆ ಬಾಗಿ ಎಲೆಯು ಕವುಚಿದ ದೋಣಿಯಂತೆ ಕಂಡರೆ, ತೊಟ್ಟು ನೀಳವಾಗಿ ಎಲೆ ಕಿರಿದಾಗಿ ಪೆಡಸಾದರೆ, ಅದು ನುಸಿಯ ಕೆಲಸ. ಇದು ಕೀಟವಲ್ಲ, ಜೇಡನ ಬಳಗದ್ದು; ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ಚಿಕ್ಕದು. ಬರಿಗಣ್ಣಿಗೆ ಕಾಣಲಿಲ್ಲವೆಂದು ಇಲ್ಲವೆನ್ನಬಾರದು. ಒಳ್ಳೆಯ ಭೂತಕನ್ನಡಿಯಿಂದ ಎಳೆಯ ಎಲೆಯ ತಳಭಾಗವನ್ನು ನೋಡಬೇಕು.

ವೈರಸ್ಸಿನಲ್ಲಿಯೂ ಎಲೆ ಮೇಲಕ್ಕೇ ಸುರುಳಿಯಾಗುವುದರಿಂದ ಥ್ರಿಪ್ಸೆಂದು ಭ್ರಮೆಯಾಗುವುದುಂಟು. ಆದರೆ ಇಲ್ಲಿ ಎಲೆಗಳು ಹಳದಿಗೂಡಿ ತೀರ ಚಿಕ್ಕವಾಗುತ್ತವೆ, ಗೆಣ್ಣುಗಳು ಒತ್ತಾಗಿ ಗಿಡ ಪೊದೆಯಂತೆ ಕುಳ್ಳಾಗಿ ನಿಲ್ಲುತ್ತದೆ, ಎಲೆಯಡಿಯಲ್ಲಿ ಬಿಳಿನೊಣಗಳು ಹಾರಾಡುತ್ತವೆ. ಇನ್ನು ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆಗೆ ನೆಟ್ಟಗಾಗುವ ಎಲೆಯು ರೋಗವಲ್ಲ. ಅದಕ್ಕೆ ಮದ್ದು ಬೇಡ.

ಚಿಕಿತ್ಸೆಗೆ ಬರೋಣ. ನುಸಿಗೆ ಗಂಧಕವೇ ಹಳೆಯ ಮತ್ತು ಅಗ್ಗದ ಔಷಧ: ನೀರಿನಲ್ಲಿ ಕರಗುವಂತೆ ಸಿದ್ಧಪಡಿಸಿದ ಗಂಧಕದ ಪುಡಿಯನ್ನು ಲೀಟರಿಗೆ 3 ಗ್ರಾಮಿನಂತೆ ಕಲಸಿ, ಎಲೆಯ ಅಡಿ ತೊಯ್ಯುವಂತೆ, ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ಸುಡುಬಿಸಿಲಿನಲ್ಲಿ ಸಿಂಪಡಿಸಿದರೂ, ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೆ ಹಾಕಿದರೂ ಎಲೆ ಸುಡುತ್ತದೆ. ಥ್ರಿಪ್ಸಿಗೆ ಗಂಧಕದಿಂದ ಪ್ರಯೋಜನ ಕಾಣದು. ಅದಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚಿಟಿಕೆ ಸಾಬೂನು ಕೂಡಿಸಿ ಸಂಜೆಯಲ್ಲಿ ಸಿಂಪಡಿಸುವುದು ಮನೆಗೆ ಒಪ್ಪುವ ಕ್ರಮ. ವಾರಕ್ಕೊಮ್ಮೆ ಎರಡು ಮೂರು ಸಲ ಮಾಡಬೇಕಾದೀತು. ಹಸಿಯಾಗಿಯೇ ಕೋಸಂಬರಿಗೆ ಬೀಳುವ ಕಾಯಿಗೆ ಉಗ್ರ ವಿಷಗಳನ್ನು ಬಳಸುವುದು ನಮಗೆ ಸರ್ವಥಾ ಸಮ್ಮತವಲ್ಲ. ಅದರಲ್ಲೂ ಪೈರೆಥ್ರಾಯಿಡ್ ಜಾತಿಯ ವಿಷಗಳು ನುಸಿಯನ್ನು ತಿನ್ನುವ ಹುಳುಗಳನ್ನೇ ಕೊಂದು ನುಸಿಯನ್ನು ಹೆಚ್ಚಿಸುವುದುಂಟು. ಏನೇ ಸಿಂಪಡಿಸಿದರೂ ಕಾಯಿಯನ್ನು ತೊಳೆದೇ ಬಳಸಬೇಕು.

ಒಮ್ಮೆ ಮುದುಡಿದ ಎಲೆ ಯಾವ ಮದ್ದಿಗೂ ಮತ್ತೆ ಅರಳುವುದಿಲ್ಲ. ಅದನ್ನು ನೋಡಿ ಮದ್ದನ್ನು ದೂಷಿಸಬೇಕಾಗಿಲ್ಲ. ಅನಂತರ ಮೂಡುವ ಚಿಗುರನ್ನು ನೋಡಬೇಕು. ಎರಡು ಮೂರು ವಾರಗಳಲ್ಲಿ ಅದು ನೆಟ್ಟಗೆ ಬಂದರೆ ಗಿಡ ಉಳಿಯಿತು. ಕೀಟವೆಲ್ಲ ಹೋದ ಮೇಲೆಯೂ ಚಿಗುರು ಕುಗ್ಗಿಯೇ ಬರುತ್ತಿದ್ದರೆ ವೈರಸ್ಸೆಂದು ತಿಳಿಯಬೇಕು. ಅದಕ್ಕೆ ಔಷಧವಿಲ್ಲ. ಮಕ್ಕಳು ಕೈಯಾರೆ ನೆಟ್ಟ ಗಿಡವೆಂದು ಕನಿಕರಿಸಿ ಉಳಿಸಿಕೊಂಡರೆ, ಬಿಳಿನೊಣಗಳು ಅದರಿಂದ ರಸ ಹೀರಿ ನೆರೆಮನೆಯ ಮೆಣಸು ಟೊಮೆಟೊಗಳಿಗೆ ಸೋಂಕನ್ನು ಒಯ್ಯುವುವು. ಅಂತಹ ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕುವುದೇ ಸರಿ.

ಈ ವೈರಸ್ಸು ಮಣ್ಣಿನಿಂದ ಹರಡದಾದುದರಿಂದ ಅದೇ ಕುಂಡದಲ್ಲಿ ಹೊಸ ಸಸಿಯನ್ನು ನೆಡಬಹುದು. ಥ್ರಿಪ್ಸಿನ ಕೋಶಗಳು ಮಣ್ಣಿನಲ್ಲಿ ಅಡಗಿರಬಹುದಾದ ಕಾರಣ ಮೇಲಣ ಎರಡು ಅಂಗುಲ ಮಣ್ಣನ್ನು ಬದಲಾಯಿಸಿದರೆ ಉತ್ತಮ. ಸಸಿಯು ಎಳೆಯದಾಗಿರುವವರೆಗೆ ತೆಳುವಾದ ಬಿಳಿಯ ಬಟ್ಟೆಯನ್ನು ಗೂಡಿನಂತೆ ಕಟ್ಟಿ, ಬಿಳಿನೊಣ ಒಳಗೆ ಸುಳಿಯದಂತೆ ಅಂಚುಗಳನ್ನು ಮಣ್ಣಿನಲ್ಲಿ ಒತ್ತಿಡಬೇಕು. ಹೂ ಕಾಣಿಸಿಕೊಂಡ ಮೇಲೆ ಅದನ್ನು ತೆಗೆದುಬಿಡಬಹುದು.