ಮೀನಿನ ದಾರಿಯ ಲೆಕ್ಕ

ಅಣೆಕಟ್ಟನ್ನು ಒಮ್ಮೆ ಕಟ್ಟಿದರೆ ಅದು ಶಾಶ್ವತವೆಂದೇ ನಾವು ಭಾವಿಸುತ್ತೇವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಭಾವನೆಗೆ ಆಸ್ಪದವಿಲ್ಲ. ಅಲ್ಲಿ ಖಾಸಗಿ ಕಂಪನಿಗಳ ಜಲವಿದ್ಯುತ್ ಅಣೆಕಟ್ಟುಗಳಿಗೆ ಕೇಂದ್ರ ಇಂಧನ ನಿಯಂತ್ರಣ ಆಯೋಗವು ಸಾಮಾನ್ಯವಾಗಿ 30ರಿಂದ 50 ವರ್ಷಗಳ ಅವಧಿಗೆ ಮಾತ್ರ ಪರವಾನಗಿ ನೀಡುತ್ತದೆ. ಅವಧಿ ಮುಗಿದ ಮೇಲೆ ಹೊಸದಾಗಿ ಅರ್ಜಿ, ಹೊಸದಾಗಿ ವಿಚಾರಣೆ. ಇಂದು ನವೀಕರಣಕ್ಕೆ ಬರುವ ಅನೇಕ ಅಣೆಕಟ್ಟುಗಳು ಹುಟ್ಟಿದ ಕಾಲದಲ್ಲಿ ಅಳಿವಿನಂಚಿನ ಜೀವಿಗಳನ್ನು ರಕ್ಷಿಸುವ ಕಾಯಿದೆಯೇ ಇರಲಿಲ್ಲ. ಅದು ಜಾರಿಗೆ ಬಂದುದು 1973ರಲ್ಲಿ. ಹೀಗಾಗಿ ಅರ್ಧ ಶತಮಾನ ಯಾರೂ ಕೇಳದಿದ್ದ ಲೆಕ್ಕವು ನವೀಕರಣದ ದಿನ ಒಮ್ಮೆಲೇ ಮುಂದೆ ಬಂದು ನಿಲ್ಲುತ್ತದೆ.

ಆರೆಗಾನ್ ರಾಜ್ಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಮೂಲಕ ಪೆಸಿಫಿಕ್ ಸಾಗರವನ್ನು ಸೇರುವ ಕ್ಲಾಮತ್ ನದಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಈ ನದಿಯ ಮೇಲೆ ಪೆಸಿಫಿಕಾರ್ಪ್ ಎಂಬ ವಿದ್ಯುತ್ ಕಂಪನಿಗೆ ಸೇರಿದ ನಾಲ್ಕು ಅಣೆಕಟ್ಟುಗಳಿದ್ದವು. ಮೊದಲನೆಯದು ಪೂರ್ಣಗೊಂಡದ್ದು 1918ರಲ್ಲಿ, ಕೊನೆಯದು 1960ರ ದಶಕದಲ್ಲಿ. ನಾಲ್ಕೂ ಸೇರಿ ಅವುಗಳ ಸಾಮರ್ಥ್ಯ ಸುಮಾರು 163 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ನೆನೆದರೆ ಇದು ಅಲ್ಪವೇ ಸರಿ.

ಆದರೆ ಅವು ತಡೆದದ್ದು ಅಲ್ಪವಲ್ಲ. ಸಾಲ್ಮನ್ ಎಂಬ ಮೀನು ಹೊಳೆಯ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ತಾನು ಹುಟ್ಟಿದ ತೊರೆಯನ್ನೇ ಅರಸಿ ಪ್ರವಾಹಕ್ಕೆ ಎದುರಾಗಿ ಈಜಿ ಬರುತ್ತದೆ. ಮೊಟ್ಟೆಯಿಟ್ಟು ಅಲ್ಲಿಯೇ ಪ್ರಾಣ ಬಿಡುತ್ತದೆ. ಅಣೆಕಟ್ಟುಗಳಿಂದಾಗಿ ಮೇಲಿನ ಸುಮಾರು 640 ಕಿಲೋಮೀಟರ್ ಉದ್ದದ ತೊರೆಗಳು ಅದಕ್ಕೆ ಮುಚ್ಚಿಹೋದವು. 1864ರ ಒಪ್ಪಂದದಲ್ಲಿ ಮೀನುಗಾರಿಕೆಯ ಹಕ್ಕನ್ನು ಉಳಿಸಿಕೊಂಡಿದ್ದ ಕ್ಲಾಮತ್ ಮೂಲನಿವಾಸಿಗಳಿಗೆ 1912ರ ನಂತರ ಸಾಲ್ಮನ್ ದೊರೆಯಲೇ ಇಲ್ಲ. ಕೆಳಗಿನ ಯುರೋಕ್, ಕರುಕ್ ಜನರ ಪಾಲೂ ಕ್ಷೀಣಿಸುತ್ತ ಬಂದಿತು. 1997ರಲ್ಲಿ ಇಲ್ಲಿಯ ಕೋಹೋ ಜಾತಿಯ ಸಾಲ್ಮನ್ ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿತು.

50 ವರ್ಷಗಳ ಪರವಾನಗಿ 2006ರಲ್ಲಿ ಮುಗಿಯಿತು. ಅಲ್ಲಿನ ಕಾನೂನಿನಂತೆ, ಮೀನಿಗೆ ದಾರಿ ಬೇಕೆಂದು ಮೀನುಗಾರಿಕಾ ಇಲಾಖೆಗಳು ವಿಧಿಸಿದರೆ ನಿಯಂತ್ರಣ ಆಯೋಗವೂ ಅದನ್ನು ತಳ್ಳಿಹಾಕುವಂತಿಲ್ಲ. ಇಲಾಖೆಗಳು ಅಣೆಕಟ್ಟುಗಳಿಗೆ ಮೀನೇರುವ ಮೆಟ್ಟಿಲುಗಾಲುವೆಗಳನ್ನು ಕಟ್ಟಬೇಕೆಂದವು. ಕಂಪನಿಯು ಇದನ್ನು ಪ್ರಶ್ನಿಸಿತು; ಅದೇ ವರ್ಷ ಆಡಳಿತ ನ್ಯಾಯಾಧೀಶರು ಬಹುಪಾಲು ಇಲಾಖೆಗಳ ವಾದವನ್ನೇ ಎತ್ತಿಹಿಡಿದರು. 2007ರಲ್ಲಿ ಆಯೋಗದ ಅಧ್ಯಯನವು ಈ ಷರತ್ತುಗಳೊಡನೆ ಯೋಜನೆ ನಡೆದರೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ನಷ್ಟವಾಗುವುದೆಂದು ತೋರಿಸಿತು.

ಇಲ್ಲಿಂದ ಮುಂದಿನ ವಿಚಾರವನ್ನು ಮೀನಿನ ಮೇಲಿನ ಕರುಣೆ ಎನ್ನುವುದಕ್ಕಿಂತ ವ್ಯವಹಾರ ಜ್ಞಾನ ಎನ್ನುವುದೇ ಯುಕ್ತ. ಉಳಿಸಿಕೊಳ್ಳುವುದಕ್ಕಿಂತ ಕೆಡವುವುದೇ ಅಗ್ಗವೆಂದು ಕಂಪನಿಗೆ ಮನದಟ್ಟಾಯಿತು. ವೆಚ್ಚಕ್ಕೆ 45 ಕೋಟಿ ಡಾಲರ್ ಮಿತಿ ಹಾಕಲಾಯಿತು. ಅದರಲ್ಲಿ 20 ಕೋಟಿ ವಿದ್ಯುತ್ ಗ್ರಾಹಕರದು: ಆರೆಗಾನ್‌ನವರಿಂದ 18.4 ಕೋಟಿ, ಕ್ಯಾಲಿಫೋರ್ನಿಯಾದವರಿಂದ 1.6 ಕೋಟಿ. ಉಳಿದ 25 ಕೋಟಿಯವರೆಗಿನ ಹಣವು 2014ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಜಲನಿಧಿಯ ಸಾಲಪತ್ರದಿಂದ. ಎಂದರೆ, ಹೊರೆಯನ್ನು ಹೊತ್ತದ್ದು ಬಹುಮಟ್ಟಿಗೆ ಸಾಮಾನ್ಯ ಗೃಹಸ್ಥರೇ. ಇದನ್ನು ಅನ್ಯಾಯವೆನ್ನುವವರುಂಟು. ಆದರೆ ಅಷ್ಟು ಕಾಲ ಅಗ್ಗದ ವಿದ್ಯುತ್ತನ್ನು ಉಂಡವರೂ ಆ ಗ್ರಾಹಕರೇ, ಅದರ ಬೆಲೆಯನ್ನು ಬರಿಯ ತಟ್ಟೆಯಿಂದ ತೆತ್ತವರು ನದಿಯ ಮೂಲನಿವಾಸಿಗಳು ಎಂಬುದನ್ನು ಮರೆಯಲಾಗದು. ಮೀನಿನ ರಕ್ಷಣೆಗೆ ಹೊಸ ಖರ್ಚು ಬಂದಿತೆನ್ನುವುದಕ್ಕಿಂತ ಹಳೆಯ ಸಾಲವು ಕೊನೆಗೂ ಲೆಕ್ಕದ ಪುಸ್ತಕವನ್ನು ಸೇರಿತೆನ್ನುವುದು ನಮಗೆ ಹೆಚ್ಚು ಸರಿಯೆನಿಸುತ್ತದೆ.

ಹಾಗೆಂದು ಎಲ್ಲರಿಗೂ ಒಪ್ಪಿತವಾದ ಕಾರ್ಯ ಇದಾಗಿರಲಿಲ್ಲ. ಮೂರು ಅಣೆಕಟ್ಟುಗಳಿದ್ದ ಸಿಸ್ಕಿಯೂ ಜಿಲ್ಲೆಯಲ್ಲಿ 2010ರಲ್ಲಿ ಅಭಿಪ್ರಾಯ ಕೇಳಿದಾಗ ಶೇಕಡ 79ರಷ್ಟು ಮತದಾರರು ತೆರವಿಗೆ ವಿರೋಧ ಸೂಚಿಸಿದರು. ಕಾಪ್ಕೋ ಸರೋವರದ ದಡದಲ್ಲಿ ಮನೆ ಮಾಡಿಕೊಂಡವರ ಮುಂದಿನ ನೀರೇ ಇಲ್ಲವಾಯಿತು. ಅವರ ಅಳಲು ಸುಳ್ಳಲ್ಲ.

2022ರ ನವೆಂಬರ್‌ನಲ್ಲಿ ಆಯೋಗವು ಅನುಮತಿ ನೀಡಿತು. 2023ರಲ್ಲಿ ಒಂದು ಅಣೆಕಟ್ಟು ತೆರವಾಯಿತು, 2024ರಲ್ಲಿ ಉಳಿದ ಮೂರು. ಕೆಲಸ ಮುಗಿದ ಕೆಲವೇ ದಿನಗಳಲ್ಲಿ, ಅದೇ ಅಕ್ಟೋಬರ್ ತಿಂಗಳಿನಲ್ಲಿ, ಆರೆಗಾನ್‌ನ ತೊರೆಯೊಂದರಲ್ಲಿ ಸಾಲ್ಮನ್ ಕಾಣಿಸಿಕೊಂಡಿತು. 1912ರ ನಂತರ ಇದೇ ಮೊದಲು. ಆದರೆ ಮೇಲಿನ ಕ್ಲಾಮತ್ ಸರೋವರದಲ್ಲಿ ವಾಸಿಸುವ, 1988ರಲ್ಲಿಯೇ ಅಳಿವಿನಂಚಿನ ಪಟ್ಟಿ ಸೇರಿದ ಸಕರ್ ಜಾತಿಯ ಎರಡು ಮೀನುಗಳ ಕಷ್ಟ ಇದರಿಂದ ತೀರಿಲ್ಲ. ಅವುಗಳ ಮರಿಗಳು ಆ ಕಲುಷಿತ ಸರೋವರದಲ್ಲಿ ಬೆಳೆದು ದೊಡ್ಡವಾಗುವುದೇ ಅಪರೂಪ. ಅಲ್ಲಿನ ನೀರು ಬೇಸಾಯಕ್ಕೂ ಬೇಕು. ಆ ವ್ಯಾಜ್ಯ ಬೇರೆಯೇ ಇದೆ.