ಹಳೆಯ ಮಾನಿಟರ್ ಸದ್ದು ಮಾಡಿದರೆ ಏನು ಮಾಡಬೇಕು?

ಟ್ಯಾಲಿ ಕಲಿಯುವ ನಮಗೆ ಕೆಲವು ಕಡೆ ಇಂದಿಗೂ ಹಿಂಭಾಗ ಉಬ್ಬಿದ ಹಳೆಯ ಸಿಆರ್‌ಟಿ ಮಾನಿಟರ್‌ಗಳೇ ಸಿಗುತ್ತವೆ. ಅವು ಮಾಡುವ ಸದ್ದೆಲ್ಲ ಅಪಾಯದ್ದಲ್ಲ. ಯಾವುದು ಸಹಜ, ಯಾವುದು ಅಲ್ಲ ಎಂದು ತಿಳಿದಿರಬೇಕು.

ಆನ್ ಮಾಡಿದ ಕೂಡಲೇ ‘ಧುಂ’ ಎಂದರೆ ಹೆದರಬೇಡಿ. ಪರದೆಯ ಸುತ್ತ ಇರುವ ತಂತಿ ಸುರುಳಿ ಒಳಗಿನ ಕಾಂತತ್ವವನ್ನು ಅಳಿಸುವಾಗ ಬರುವ ಸದ್ದು ಅದು. ಕಾಂತತ್ವ ಉಳಿದರೆ ಬಣ್ಣ ಕೆಡುತ್ತದೆ.

ಸಣ್ಣಗೆ ‘ಕುಂಯ್’ ಎನ್ನುತ್ತಿದ್ದರೆ, ಒಳಗಿನ ಟ್ರಾನ್ಸ್‌ಫಾರ್ಮರ್ ಅಥವಾ ಸುರುಳಿ ಸಡಿಲವಾಗಿ ಕಂಪಿಸುತ್ತಿರಬಹುದು. ಮಾನಿಟರ್‌ಗೆ ಹೊಂದುವ ಬೇರೊಂದು ರಿಫ್ರೆಶ್ ರೇಟ್ ಇಟ್ಟು ನೋಡಿ. ಸದ್ದು ಕಡಿಮೆಯಾಗಲೂಬಹುದು.

‘ಚಟ್ ಚಟ್’ ಸದ್ದು ಮತ್ತೆ ಮತ್ತೆ ಬಂದು, ಚಿತ್ರ ಅಲುಗಿದರೆ ಅಥವಾ ಸುಟ್ಟ ವಾಸನೆ ಬಂದರೆ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಉಪನ್ಯಾಸಕರಿಗೆ ತಿಳಿಸಿ. ಬಣ್ಣದ ಮಾನಿಟರ್‌ನೊಳಗೆ ಸುಮಾರು 25,000 ವೋಲ್ಟ್ ಇರುತ್ತದೆ. ಧೂಳಿಗೆ ತೇವ ಸೇರಿದಾಗ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಕವಚ ಬಿರುಕು ಬಿಟ್ಟಾಗ ಅದು ಕಿಡಿಯಾಗಿ ಹಾರುತ್ತದೆ.

ಮೇಲೆ ತಟ್ಟಬೇಡಿ, ಮುಚ್ಚಳವನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ವಿದ್ಯುತ್ ಉಳಿದಿರುತ್ತದೆ. ರಿಪೇರಿಯನ್ನು ಕಲಿತವರಿಗೇ ಬಿಡಿ. ಮಾನಿಟರ್‌ಗೆ ಸವಕಳಿ ಹಾಕಿ ಹೊಸದು ಕೊಳ್ಳಬಹುದು, ಜೀವಕ್ಕೆ ಆ ಲೆಕ್ಕ ನಡೆಯದು.